ಅಕ್ಕನ ಕಾಲಡಿಯ ನೆಲ

ಅಕ್ಕನ ಸ್ಕೂಟರಿನ ಕೀಯನ್ನು ಅವಳ ಮಗಳು ತನ್ನ ಬ್ಯಾಗಿಗೆ ಹಾಕಿಕೊಂಡು ಅರೆಕೆರೆಗೆ ಹೊರಟುಹೋದ ದಿನ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ ಎಂದು ನನ್ನ ನೆನಪು. ಅಕ್ಕನನ್ನು ಕೇಳಿದರೆ, "ಅವತ್ತು ಬಿಸಿಬೇಳೆಬಾತ್ ಮಾಡಿದ್ದೆ, ನೀನು ಎರಡು ಸಲ ಹಾಕಿಸ್ಕೊಂಡೆ" ಅನ್ನುತ್ತಾಳೆ. ಇಂಥ ವಿಷಯಗಳಲ್ಲಿ ಮೊದಲೆಲ್ಲ ನಾನು ವಾದ ಮಾಡುತ್ತಿದ್ದೆ. ಈಗ ಸುಮ್ಮನಿರುತ್ತೇನೆ. ಯಾಕೆ ಎಂಬುದನ್ನೇ ಬರೆಯಲು ಹೊರಟಿದ್ದೇನೆ.

ನಾವಿಬ್ಬರೂ ಇರುವುದು ಗಿರಿನಗರದಲ್ಲಿ, ಅಪ್ಪ ಕಟ್ಟಿಸಿದ ಮನೆಯ ಕೆಳಗಿನ ಭಾಗದಲ್ಲಿ. ಮೇಲಿನದು ಬಾಡಿಗೆಗೆ. ಭಾವ ತೀರಿಕೊಂಡ ಮೇಲೆ ಅಕ್ಕ ಇಲ್ಲಿಗೆ ಬಂದಳು; ನಾನು ಮದುವೆಯಾಗದೆ ಇಲ್ಲೇ ಉಳಿದಿದ್ದೆ. ವಿಶ್ವವಿದ್ಯಾಲಯದಲ್ಲಿ ಓದಿದ್ದು ಭೂಭೌತಶಾಸ್ತ್ರ. ಆಮೇಲೆ ಕಾಲೇಜಿನಲ್ಲಿ ಪಾಠ, ಬೋರ್‌ವೆಲ್ ಪಾಯಿಂಟ್ ತೋರಿಸುವ ಕಂಪನಿ, ಅನುವಾದ, ಹೀಗೆ ಒಂದರಲ್ಲೂ ನೆಲೆ ನಿಲ್ಲಲಿಲ್ಲ. ಹಳೆಯ ಓದಿನ ಚಟವೊಂದು ಮಾತ್ರ ಉಳಿದಿದೆ. ಟಿಫಿನ್ ಡಬ್ಬಿಯಷ್ಟು ದೊಡ್ಡ ಒಂದು ಕಂಪನಮಾಪಕವನ್ನು ಕಾರ್ ಪೋರ್ಚಿನ ಮೂಲೆಯಲ್ಲಿಟ್ಟು, ಅದರ ತಂತಿಯನ್ನು ಕಿಟಕಿಯಿಂದ ಒಳಗೆಳೆದು ಕಂಪ್ಯೂಟರಿಗೆ ಸೇರಿಸಿದ್ದೇನೆ. ಮನೆಯೊಳಗೆ ವಾಷಿಂಗ್ ಮಷೀನ್ ಇದೆ, ಅಕ್ಕನ ಮಿಕ್ಸಿ ಇದೆ. ಕಾರಿಲ್ಲದ ಪೋರ್ಚೇ ನಿಶ್ಶಬ್ದ. ಕಾಂಕ್ರೀಟಿನ ಮೇಲೆ ಟೈಲ್ಸ್ ಹಾಕಿದ ಗಟ್ಟಿ ನೆಲ. ಅಲ್ಲಿ ನಿಲ್ಲುವುದು ಅಕ್ಕನ ಸ್ಕೂಟರ್ ಒಂದೇ.

ಆ ಸ್ಕೂಟರಿನಲ್ಲಿ ಅವಳು ದಿನಾ ಸಂಜೆ ಜಯನಗರಕ್ಕೆ ಹೋಗುತ್ತಿದ್ದಳು, ಗೆಳತಿಯೊಬ್ಬರ ಮನೆಗೆ, ಕೇರಂ ಆಡಲು. ಅಲ್ಲಿ ಇವಳ ಸ್ಟ್ರೈಕರಿಗೆ ಎಲ್ಲರೂ ಹೆದರುತ್ತಾರಂತೆ. ಬಸ್ಸಿದೆ, ಆಟೋ ಇದೆ ಎಂದು ಮಗಳು ಹೇಳಿದರೆ ಅಕ್ಕನದು ಒಂದೇ ಉತ್ತರ: "ಗಾಡೀಲಿ ಹೋದ್ರೆ ನಾನು ಹೋದ ಹಾಗೆ ಕಣೇ. ಆಟೋದಲ್ಲಿ ಹೋದ್ರೆ ನನ್ನ ಯಾರೋ ಕರ್ಕೊಂಡು ಹೋದ ಹಾಗೆ."

ಕೀ ಹೋಗಲು ಕಾರಣವಾದದ್ದು ಒಂದು ಮಧ್ಯಾಹ್ನ. ಅಕ್ಕ ಮನೆಯ ಹೊರಗೆ ನಿಂತಿದ್ದಳು. ಕಾಲಡಿ ನೆಲ ಝುಂ ಎಂದು ನಡುಗಿತು. ಗೋಡೆ ಹಿಡಿದುಕೊಂಡಳು. ಅಷ್ಟರಲ್ಲಿ ನಿಂತೇಹೋಯಿತು. ಮೇಲಿನ ಬಾಡಿಗೆಯವರನ್ನು ಕೂಗಿ ಕೇಳಿದಳು, ಅವರಿಗೇನೂ ಗೊತ್ತಾಗಿರಲಿಲ್ಲ. ಎದುರು ಮನೆಯವರಿಗೂ ಇಲ್ಲ. ಪೇಪರಿನಲ್ಲಿ ಬರಲಿಲ್ಲ, ಟೀವಿಯಲ್ಲಿ ಬರಲಿಲ್ಲ. ಮಗಳಿಗೆ ಫೋನಿನಲ್ಲಿ ತಮಾಷೆಯಾಗಿ ಹೇಳಿದ್ದೇ ತಪ್ಪಾಯಿತು. ಅವಳು ಬಂದು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಕಿವಿಯೊಳಗಿನ ಸಮತೋಲನದ ತೊಂದರೆ ಇರಬಹುದು, ಪರೀಕ್ಷೆಯಲ್ಲಿ ಏನೂ ಕಾಣುತ್ತಿಲ್ಲ, ಒಂದೇ ಸಲ ಆಗಿರುವುದರಿಂದ ಕಾದು ನೋಡೋಣ, ಅಲ್ಲಿಯವರೆಗೆ ಗಾಡಿ ಓಡಿಸುವುದು ಬೇಡ ಎಂದರು ಡಾಕ್ಟರು.

"ನನ್ನ ತಲೆ ತಿರುಗ್ಲಿಲ್ಲ. ಭೂಮಿ ಅಲ್ಲಾಡ್ತು" ಎಂದಳು ಅಕ್ಕ.

"ಎಲ್ರಿಗೂ ಹಾಗೇ ಅನ್ಸತ್ತಂತಮ್ಮ" ಎಂದಳು ಮಗಳು, ಕೀಯನ್ನು ಬ್ಯಾಗಿಗೆ ಹಾಕುತ್ತಾ.

ಅವಳು ಹೋದ ಮೇಲೆ ಅಕ್ಕ ನನ್ನ ಕೋಣೆಯ ಬಾಗಿಲಲ್ಲಿ ನಿಂತಳು. "ಪೋರ್ಚಲ್ಲಿ ಆ ಡಬ್ಬಾನ ಏನಕ್ಕೆ ಇಟ್ಟಿದೀಯ? ಪೂಜೆಗಾ? ನೋಡು ಅದರಲ್ಲಿ."

ನೋಡುವುದಕ್ಕೆ ನಾನೇ ಹಿಂಜರಿದಿದ್ದೆ. ಅದರಲ್ಲಿ ಏನೂ ಇಲ್ಲದಿದ್ದರೆ ಅಕ್ಕನಿಗೆ ಏನೆಂದು ಹೇಳುವುದು? ಆದರೆ ಇತ್ತು. ಆ ಮಧ್ಯಾಹ್ನದ ಗೆರೆಯಲ್ಲಿ, ಬೀದಿಯ ವಾಹನಗಳ ಸಣ್ಣ ಗಿಜಿಗಿಜಿಯ ನಡುವೆ, ಒಂದು ಪುಟ್ಟ ಏಟು, ಸ್ವಲ್ಪ ಹೊತ್ತಿನ ನಂತರ ಅದಕ್ಕಿಂತ ದೊಡ್ಡದು. ಭೂಕಂಪದಲ್ಲಿ ಮೊದಲು ವೇಗದ ಅಲೆ ಬರುತ್ತದೆ, ಹಿಂದೆಯೇ ನಿಧಾನದ, ಜೋರಿನ ಅಲೆ. ಎರಡರ ನಡುವಿನ ಅಂತರ ಹೆಚ್ಚಿದಷ್ಟೂ ದೂರ ಹೆಚ್ಚು. ಇಲ್ಲಿ ಅಂತರ ತೀರ ಕಡಿಮೆ. ಅಂದರೆ ಹತ್ತಿರದ್ದೇ, ನಗರದ ಹೊರವಲಯದಲ್ಲೆಲ್ಲೋ ಆದದ್ದು. ಕಲ್ಲುಕ್ವಾರಿಯ ಸ್ಫೋಟವೂ ಇರಬಹುದು, ಒಂದೇ ಯಂತ್ರ ಇಟ್ಟುಕೊಂಡು ಖಚಿತವಾಗಿ ಹೇಳಲಾಗದು. ಆದರೆ ನೆಲ ನಡುಗಿದ್ದಂತೂ ನಿಜ.

"ಇದೆ" ಎಂದೆ.

ಅಕ್ಕ ಕನ್ನಡಕ ಸರಿಮಾಡಿಕೊಂಡು ಪರದೆಯನ್ನು ನೋಡಿದಳು. "ಇಷ್ಟೇನಾ? ನನಗೆ ಇದಕ್ಕಿಂತ ಜೋರು ಅನ್ನಿಸ್ತು."

ಅಲ್ಲಿಂದ ನನ್ನ ಕುತೂಹಲ ನನ್ನನ್ನು ಎಳೆದುಕೊಂಡು ಹೋಯಿತು. ನೆಲದೊಳಗೆ ಬಂಡೆ ಎಷ್ಟಗಲ ಜಾರಿತು, ಎಷ್ಟು ಬಿಗುವು ಒಮ್ಮೆಲೇ ಸಡಿಲಾಯಿತು ಎಂಬುದನ್ನು ಇಂಥ ಗೆರೆಯಿಂದ ಅಂದಾಜು ಮಾಡುವ ವಿಧಾನವಿದೆ. ದೊಡ್ಡ ತುಂಡು ಜಾರಿದರೆ ನಡುಕ ದಪ್ಪ ಸ್ವರದ್ದು; ಸಣ್ಣ ತುಂಡು ಸಿಡಿದರೆ ಚೂಪು ಸ್ವರದ್ದು. ನಮ್ಮ ಪೋರ್ಚಿನ ಗೆರೆ ಬಹಳ ಚೂಪಾಗಿತ್ತು. ಲೆಕ್ಕ ಹಾಕಿದೆ. ಬಂದ ಉತ್ತರ ನಂಬಲಾಗದಷ್ಟು ದೊಡ್ಡದು: ಅಷ್ಟು ಚಿಕ್ಕ ಜಾಗದಲ್ಲಿ ಅಷ್ಟು ಬಿಗುವು ಕಟ್ಟಿಕೊಂಡಿತ್ತೇ, ಈ ಊರಿನ ಕೆಳಗೆ? ಈ ಲೆಕ್ಕದ ತೊಂದರೆ ನನಗೆ ಗೊತ್ತಿರಲಿಲ್ಲವೆಂದಲ್ಲ. ಸ್ವರವನ್ನು ಅಳೆಯುವುದರಲ್ಲಿ ಎರಡರಷ್ಟು ತಪ್ಪಿದರೆ ಉತ್ತರ ಎಂಟರಷ್ಟು ತಪ್ಪುತ್ತದೆ. ಆದರೂ ಒಂದು ಇಡೀ ಸಂಜೆ ನಾನು ಹೊಸದೇನನ್ನೋ ಕಂಡುಹಿಡಿದವನ ಹಾಗೆ ಓಡಾಡಿದೆ.

ಆ ಓಡಾಟದಲ್ಲೇ ಇನ್ನೊಂದು ಸಂಗತಿ ನನಗೆ ನೆನಪಾಯಿತು. ಆ ಮಧ್ಯಾಹ್ನ ನನ್ನ ಮುಂದಿದ್ದ ಲೋಟದಲ್ಲಿ ಕಾಫಿ ನಡುಗಿತ್ತು. ಮೇಲಿನ ನೊರೆ ಸಣ್ಣ ಸಣ್ಣ ಬಳೆಗಳಾಗಿ ಅಂಚಿನ ಕಡೆ ಸರಿದಿತ್ತು. ನಾನು ಬೆರಳಿನಿಂದ ಲೋಟವನ್ನು ಹಿಡಿದು ನಿಲ್ಲಿಸಿದ್ದೆ. ಮೊದಲು ಮಸುಕಾಗಿತ್ತು, ಗೆರೆಯನ್ನು ಮತ್ತೆ ಮತ್ತೆ ನೋಡಿದಂತೆ ಸ್ಪಷ್ಟವಾಗುತ್ತ ಬಂತು. ಕಿಟಕಿಯ ಬೆಳಕು, ನನ್ನ ಮೇಜು, ಮೇಜಿನ ಮೇಲಿನ ಗೀರು, ಎಲ್ಲವೂ. ತಕ್ಷಣ ಸೊಸೆಗೆ ಫೋನ್ ಮಾಡಿದೆ. ಅಕ್ಕನ ಮಗಳನ್ನು ನಾನು ಹಾಗೆಯೇ ಕರೆಯುವುದು.

"ನಿಮ್ಮಮ್ಮ ಹೇಳಿದ್ದು ನಿಜ ಕಣೆ. ನನ್ನ ಕಾಫೀನೂ ಅಲ್ಲಾಡ್ತು."

"ಮಾಮ, ಇಷ್ಟು ದಿನ ಯಾಕೆ ಹೇಳ್ಲಿಲ್ಲ ಮತ್ತೆ?"

"ಈಗ ನೆನಪಾಯ್ತು."

"ಭಾನುವಾರ ಬರ್ತೀನಿ, ಮಾತಾಡೋಣ" ಎಂದಳು. ಅವಳು ನಂಬಲಿಲ್ಲವೆಂದು ಗೊತ್ತಾಯಿತು. ಅಕ್ಕನ ಬಗ್ಗೆ ಇದ್ದ ಚಿಂತೆ ಈಗ ನನ್ನ ಬಗ್ಗೆಯೂ ಶುರುವಾಗಿರಬೇಕು.

ಇನ್ನೊಂದು ಯಂತ್ರದ ಸಾಕ್ಷಿ ಸಿಕ್ಕರೆ ಒಳ್ಳೆಯದು ಅನ್ನಿಸಿ, ಕಾಫಿಯ ವಿಷಯವನ್ನೂ ಸೇರಿಸಿ ನನ್ನ ಗೆಳತಿಯೊಬ್ಬಳಿಗೆ ಹೇಳಿ ಕಳಿಸಿದೆ. ನಾನು ಓದಿದ ವಿಭಾಗದಲ್ಲೇ ಎಷ್ಟೋ ವರ್ಷದ ನಂತರ ಓದಿದವಳು, ವಿಜಯಪುರದ ಕಡೆಯವಳು. ಬಿಟಿಎಂ ಬಡಾವಣೆಯಲ್ಲಿ, ಕೆರೆಯ ಹತ್ತಿರ, ನೆಲಮಹಡಿಯ ಬಾಡಿಗೆ ಕೋಣೆಯಲ್ಲಿದ್ದಾಳೆ. ಕೆಲಸ ಬೇರೆಯದಾದರೂ ನನ್ನದೇ ಚಟ, ನನ್ನಂಥದೇ ಒಂದು ಡಬ್ಬಿ. ಶನಿವಾರ ಲ್ಯಾಪ್‌ಟಾಪ್ ತಂದು ಊಟದ ಮೇಜಿನ ಮೇಲಿಟ್ಟಳು. ಅದೇ ಕ್ಷಣದ ಅದೇ ನಡುಕ ಅವಳಲ್ಲೂ ದಾಖಲಾಗಿತ್ತು. ಆದರೆ ಎಷ್ಟು ಬೇರೆ! ನನ್ನದು ಸೂಜಿಗಳ ಸಾಲಿನಂತೆ. ಅವಳದು ದಪ್ಪಗೆ, ನಿಧಾನವಾಗಿ ತೂಗುವಂತೆ.

"ಸರ, ನಿಮ್ಮ ಗೆರಿ ನೋಡಿದ್ರ ಸಣ್ಣ ಪಟಾಕಿ ಸಿಡದಂಗ ಐತಿ. ನಂದು ನೋಡಿದ್ರ ಎಮ್ಮಿ ಎದ್ದು ನಿಂತಂಗ. ಒಂದ ಭೂಕಂಪ ಅದ ಏನ್ರಿ ಇದು?"

"ನಿಂದು ಕೆರೆ ಪಕ್ಕದ ಮೆತ್ತನೆ ಮಣ್ಣು. ಅದಕ್ಕೆ ದಪ್ಪ ಆಗಿದೆ. ನಮ್ಮದು ಬಂಡೆ ಮೇಲಿನ ಮನೆ."

"ಅಂದ್ರ ನಿಮ್ಮದು ಖರೇ, ನಂದು ಸುಳ್ಳು?"

ಹಾಗೆ ಹೇಳುವ ಧೈರ್ಯ ನನಗಿರಲಿಲ್ಲ. ನಮ್ಮ ಬಡಾವಣೆಯಲ್ಲಿ ಗಣೇಶನ ಹಬ್ಬದ ಆರ್ಕೆಸ್ಟ್ರಾ ನಡೆಯುವಾಗ ನನಗೆ ಪ್ರತಿ ವರ್ಷ ಇದೇ ಯೋಚನೆ ಬರುತ್ತದೆ. ನಾಲ್ಕು ಬೀದಿ ದಾಟಿ, ಮುಚ್ಚಿದ ಕಿಟಕಿಯೊಳಗೆ ಬರುವ ಹೊತ್ತಿಗೆ ಹಾಡು ಹೋಗಿ ಬರಿ ಧಂ ಧಂ ಉಳಿದಿರುತ್ತದೆ. ಆ ಧಂ ಧಂ ಕೇಳಿ ಹಾಡುಗಾರನ ಗಂಟಲನ್ನು ಅಳೆಯಲು ಹೊರಟವನ ಪಾಡು ನಮ್ಮದು. ಗಾಯಕ ಹಾಡಿದ್ದೊಂದು, ದಾರಿ ನುಂಗಿದ್ದೊಂದು, ಕಿಟಕಿ ಸೇರಿಸಿದ್ದೊಂದು. ಮೂರೂ ಕಲೆಸಿ ಒಂದೇ ಸದ್ದಾಗಿ ಕಿವಿಗೆ ಬರುತ್ತದೆ. ಬಿಡಿಸುವುದು ಹೇಗೆ?

ಅಕ್ಕ ಅವಲಕ್ಕಿ ಒಗ್ಗರಣೆ ತಂದಿಟ್ಟಳು. ಗೆಳತಿ ತಟ್ಟೆಗೆ ಕೈ ಹಾಕದೆ ಅವಳನ್ನು ಕೇಳಿದಳು: "ಅಕ್ಕಾರ, ಅವತ್ತ ನೀವು ಎಲ್ಲಿ ನಿಂತಿದ್ರಿ?"

"ಹೊರಗೆ ಕಣಮ್ಮ."

"ಹೊರಗ ಅಂದ್ರ ಎಲ್ಲಿರಿ?"

ಇದನ್ನು ನಾನು ಕೇಳಿಯೇ ಇರಲಿಲ್ಲ. ಅಕ್ಕ "ಹೊರಗೆ" ಎಂದಾಗ ಅವಳನ್ನು ತುಳಸಿ ಕಟ್ಟೆಯ ಪಕ್ಕ ನಿಲ್ಲಿಸಿಕೊಂಡಿದ್ದೆ, ಮನಸ್ಸಿನಲ್ಲಿ. ಸೆರಗಿನ ಬಣ್ಣವೂ ಗೊತ್ತಿತ್ತು ನನಗೆ.

"ಪೋರ್ಚಲ್ಲಿ" ಎಂದಳು ಅಕ್ಕ. "ಕಾವೇರಿ ನೀರು ಬರೋ ದಿನ, ಬಂದಿರ್ಲಿಲ್ಲ. ಸಂಪ್ ಮುಚ್ಚಳ ತೆಗೆದು ನೋಡಿದೆ. ತಳ ಕಾಣ್ತಿತ್ತು. ಮುಚ್ಚಿ ಎದ್ದು ನಿಂತೆ ನೋಡು, ಆಗ."

ನೆಲದೊಳಗಿನ ನೀರಿನ ತೊಟ್ಟಿಯ ಮಾತು ಕೇಳುತ್ತಲೇ ಗೆಳತಿ ನನ್ನ ಮುಖ ನೋಡಿದಳು. "ಸರ, ನಿಮ್ಮ ಸಂಪ್ ಎಷ್ಟ ದೊಡ್ಡದೈತ್ರಿ?"

"ಚಿಕ್ಕದು. ಗೇಟಿನ ಹತ್ತಿರ. ಮುಚ್ಚಳದಿಂದ ಸ್ವಲ್ಪ ಆಚೆ ಈಚೆ, ಅಷ್ಟೇ. ಅಪ್ಪ ತೋಡಿಸಿದ್ದು ನನಗೆ ಚೆನ್ನಾಗಿ ನೆನಪಿದೆ."

"ಅಪ್ಪ ತೋಡಿಸಿದ್ದು ಚಿಕ್ಕದೇ" ಎಂದಳು ಅಕ್ಕ. "ಆಮೇಲೆ ನನ್ನ ಮದುವೇಗೆ ಮುಂಚೆ ನೀರು ಸಾಕಾಗಲ್ಲ ಅಂತ ದೊಡ್ಡದು ಮಾಡಿಸಿದ್ರಲ್ಲೋ. ಪೋರ್ಚ್ ಪೂರ್ತಿ ಅಗೆದು ಹಾಕಿದ್ರು. ಬೀಗರು ಬಂದಾಗ ಹಲಗೆ ಮೇಲೆ ನಡೆದು ಒಳಗೆ ಬಂದ್ರು. ನೀನೇ ಕೈ ಹಿಡಿದು ದಾಟಿಸ್ತಿದ್ದೆ ಅವರನ್ನ!"

ನನಗೆ ಹಲಗೆಯೂ ನೆನಪಿಲ್ಲ, ಬೀಗರ ಕೈಯೂ ನೆನಪಿಲ್ಲ. ಸಾಧ್ಯವೇ ಇಲ್ಲ ಎಂದೆ. ಗೆಳತಿ ಎದ್ದು ಪೋರ್ಚಿಗೆ ಹೋಗಿ, ಚಪ್ಪಲಿ ಬಿಟ್ಟು, ಹಿಮ್ಮಡಿಯಿಂದ ನೆಲವನ್ನು ಕುಟ್ಟುತ್ತ ಬಂದಳು. ಮನೆಯ ಮೆಟ್ಟಿಲ ಹತ್ತಿರ ಟಪ್ ಟಪ್. ನಡುವಿಗೆ ಬರುತ್ತಲೇ ಸದ್ದು ಬದಲಾಯಿತು. ಗೇಟಿನಿಂದ ನನ್ನ ಡಬ್ಬಿಯಿದ್ದ ಮೂಲೆಯವರೆಗೂ ಢಬ್ ಢಬ್.

"ಇಲ್ಲಿತನಾನೂ ಟೊಳ್ಳು ಐತ್ರಿ" ಎಂದು ಡಬ್ಬಿಯ ಪಕ್ಕ ನಿಂತು ನಕ್ಕಳು. "ಸರ, ನೀವು ಬಂಡಿಗಲ್ಲಿನ ಮ್ಯಾಲ ಇಟ್ಟಿಲ್ಲ. ಡೊಳ್ಳಿನ ಮ್ಯಾಲ ಇಟ್ಟೀರಿ."

ಈ ಊರಿನಲ್ಲಿ ಎಷ್ಟು ಮನೆಗಳು ಹೀಗೆ ನೀರಿನ ಗುಂಡಿಯ ಮೇಲೆ ಟೈಲ್ಸ್ ಹಾಸಿ, ರಂಗೋಲಿ ಬಿಟ್ಟು, ಗಾಡಿ ನಿಲ್ಲಿಸಿ, ಕೆಳಗೆ ಪೊಳ್ಳಿದೆ ಎಂಬುದನ್ನೇ ಮರೆತಿರುತ್ತವೋ. ಬೋರ್‌ವೆಲ್ ಕಂಪನಿಯಲ್ಲಿದ್ದಾಗ ಯಾರದೋ ತೋಟದಲ್ಲಿ ನಿಂತು, ಇಷ್ಟು ಆಳದಲ್ಲಿ ಬಂಡೆ ಸೀಳಿದೆ ಎಂದು ಹೇಳುತ್ತಿದ್ದವನು ನಾನು. ಮನೆಯ ಪೋರ್ಚಿನ ಕೆಳಗೆ ಏನಿದೆ ಎಂದು ನೋಡಲಿಲ್ಲ.

ಮತ್ತೆ ಲ್ಯಾಪ್‌ಟಾಪಿನ ಮುಂದೆ ಕೂತೆವು. ಹಿಂದಿನ ವಾರಗಳ ದಾಖಲೆ ತೆಗೆದು ನೋಡಿದರೆ ಆ ಚೂಪು ಸ್ವರ ಎಲ್ಲ ದಿನವೂ ಅಲ್ಲಿತ್ತು: ಲಾರಿ ಹೋದರೂ ಅದೇ, ಮೇಲಿನ ಮನೆಯವರು ಮೆಟ್ಟಿಲಿಳಿದರೂ ಅದೇ. ಸಂಪು ತುಂಬಿ ನೀರು ಚಪ್ಪಡಿಗೆ ತಾಗುವ ದಿನಗಳಲ್ಲಿ ಮಂಕು. ಬಳಸಿ ಬಳಸಿ ಖಾಲಿಯಾದಂತೆ ಮತ್ತೆ ಚುರುಕು. ನೀರು ಬಿಡುವವರ ಸರದಿ ನನ್ನ ಭೂಕಂಪದ ಗೆರೆಯಲ್ಲಿ ಎದ್ದು ಕಾಣುತ್ತಿತ್ತು. ನಾನು ಬಂಡೆಯ ಬಿಗುವೆಂದು ಲೆಕ್ಕ ಹಾಕಿದ್ದರಲ್ಲಿ ಹೆಚ್ಚಿನದು ನಮ್ಮ ಚಪ್ಪಡಿಯ ಸ್ವರ. ಅದನ್ನು ಕಳೆದು ಮತ್ತೆ ಲೆಕ್ಕ ಹಾಕಿದರೆ ಉತ್ತರ ಧಡಕ್ಕನೆ ಇಳಿಯಿತು. ಗೆಳತಿಯ ಕೋಣೆಯ ಕೆಳಗಿನ ಮಣ್ಣಿನ ಪಾಲನ್ನೂ ಕಳೆಯಲು ನೋಡಿದೆವು. ಎರಡು ಉತ್ತರಗಳು ಹತ್ತಿರ ಬಂದವು, ಸೇರಲಿಲ್ಲ. ಯಾವುದು ಸರಿ ಎಂದು ಇವತ್ತಿಗೂ ಗೊತ್ತಿಲ್ಲ.

ಆದರೆ ಅಕ್ಕ ಸರಿ. ಸಣ್ಣ ನಡುಕ, ಮನೆಯೊಳಗಿದ್ದವರಿಗೆ, ಎದುರು ಮನೆಯವರಿಗೆ ತಿಳಿಯುವಂಥದ್ದಲ್ಲ. ಖಾಲಿ ಸಂಪಿನ ಮೇಲೆ ಬರಿಗಾಲಲ್ಲಿ ನಿಂತವಳಿಗೆ ಮಾತ್ರ ಅದು ಹಲವು ಪಟ್ಟು ಹೆಚ್ಚಾಗಿ ಬಂದಿತ್ತು. ನನ್ನ ಲೆಕ್ಕವನ್ನು ಕೆಡಿಸಿದ ಚಪ್ಪಡಿಯೇ ಅವಳ ಮಾತನ್ನು ಉಳಿಸಿತು. ಇದನ್ನು ಹೇಳಿದಾಗ ಅಕ್ಕ ಅವಲಕ್ಕಿಯ ತಟ್ಟೆಯನ್ನು ಗೆಳತಿಯ ಕಡೆ ಸರಿಸಿದಳು. ಕಣ್ಣು ತುಂಬಿತ್ತೆಂದು ಬರೆಯಬೇಕೆನಿಸುತ್ತದೆ, ಆದರೆ ನಾನು ಪರದೆ ನೋಡುತ್ತಿದ್ದೆ.

"ಹಂಗಾದ್ರ ಸರ, ಒಳಗ ನಿಮ್ಮ ಕಾಫಿ ಹೆಂಗ ಅಲ್ಲಾಡ್ತು?" ಎಂದಳು ಗೆಳತಿ.

"ಇವನು ಮನೇಲೇ ಇರ್ಲಿಲ್ಲ ಕಣಮ್ಮ" ಎಂದಳು ಅಕ್ಕ.

"ಇದ್ದೆ. ನನ್ನ ಮೇಜಿನ ಮುಂದೆ ಕೂತಿದ್ದೆ."

"ಎಲ್ಲಿ ಇದ್ದೆ? ಹಾಲು ಒಡೆದಿತ್ತು, ಕಾಫಿ ಇಲ್ಲ ಅಂದಿದ್ದಕ್ಕೆ ಮುಖ ಊದಿಸ್ಕೊಂಡು ಹೋದೆ. ಬಂದ ಮೇಲೆ ನಿನಗೆ ಹೇಳಿದ್ದು ನಾನು."

"ಮತ್ತೆ ಮೊನ್ನೆ ನಿನ್ನ ಮಗಳಿಗೆ ಫೋನ್ ಮಾಡಿದಾಗ ಯಾಕೆ ಹೇಳ್ಲಿಲ್ಲ?"

"ನೀನು ಏನು ಮಾತಾಡಿದೆ ಅಂತ ನನಗೇನು ಗೊತ್ತು? ನಾನು ಒಗೆಯೋಕೆ ಹಾಕ್ತಿದ್ದೆ. ನೋಡು, ನನ್ನ ಪರ ಮಾತಾಡೋದು ಬೇರೆ. ಇಲ್ಲದ್ದು ಹೇಳ್ಬೇಡ. ಅವಳಿಗೆ ಗೊತ್ತಾದ್ರೆ ಇದ್ದಿದ್ದನ್ನೂ ನಂಬಲ್ಲ."

ಇಲ್ಲದ್ದನ್ನು ಹೇಳಿರಲಿಲ್ಲ ನಾನು. ನೆನಪಿದ್ದದ್ದನ್ನು ಹೇಳಿದ್ದೆ. ಗೆಳತಿ ಜಗಳ ಬಿಡಿಸುವವಳಂತೆ ಆ ಮಧ್ಯಾಹ್ನದ ಗೆರೆಯನ್ನು ಪೂರ್ತಿ ಹರಡಿದಳು. ನಡುಕಕ್ಕೆ ಸಾಕಷ್ಟು ಮೊದಲು ಒಂದು ದೊಡ್ಡ ಏಟು. ನಡುಕದ ಎಷ್ಟೋ ಹೊತ್ತಿನ ಮೇಲೆ ಅಂಥದೇ ಇನ್ನೊಂದು.

"ಇವು ಏನ್ರಿ?"

ಅಕ್ಕ ಬಗ್ಗಿ ನೋಡಿದಳು. "ಗೇಟು. ಅಷ್ಟು ಜೋರಾಗಿ ಗೇಟು ಹಾಕೋರು ಈ ಬೀದೀಲಿ ಇವನೊಬ್ಬನೇ."

ಮೇಲಿನವರೂ ಅದೇ ಗೇಟು ಬಳಸುತ್ತಾರೆ, ಅವರದೂ ಇರಬಹುದು ಎಂದೆ. ಗೆಳತಿ ಸುಮ್ಮನೆ ಗೇಟಿಗೆ ಹೋಗಿ ಬಂದಳು, ಮೆಲ್ಲಗೆ ತೆಗೆದು ಮೆಲ್ಲಗೆ ಹಾಕಿ. ಆಮೇಲೆ ನನ್ನನ್ನು ಕಳಿಸಿದಳು. ಪರದೆಯ ಮೇಲೆ ನನ್ನ ಏಟು ಆ ಎರಡು ಏಟುಗಳ ಜೊತೆ ಒಡಹುಟ್ಟಿದಂತಿತ್ತು.

ಹಾಗಾದರೆ ಆ ಕಾಫಿ ಯಾವುದು? ಅದು ನಡುಗಿದ್ದು ಸುಳ್ಳಲ್ಲ. ಬಹುಶಃ ಬನಶಂಕರಿ ಬಸ್ ನಿಲ್ದಾಣದ ಹತ್ತಿರದ, ನಿಂತು ತಿನ್ನುವ ದರ್ಶಿನಿ ಹೋಟೆಲಿನಲ್ಲಿ, ನಾಲ್ಕು ಜನ ಮೊಣಕೈ ಊರಿದ ಸ್ಟೀಲ್ ಮೇಜಿನ ಮೇಲೆ ನಡುಗಿರಬೇಕು, ದಿನಾ ನಡುಗುವ ಹಾಗೆ. ಆಮೇಲೆ ಅದು ಎಲ್ಲೆಲ್ಲೋ ಹಾದು ನನ್ನ ಮೇಜಿಗೆ ಬಂದು ಕೂತಿದೆ, ಕಿಟಕಿಯ ಬೆಳಕನ್ನೂ ಗೀರನ್ನೂ ಹಚ್ಚಿಕೊಂಡು. ಎಷ್ಟು ಮೂಲದ್ದು, ಎಷ್ಟು ದಾರಿಯದ್ದು, ಎಷ್ಟು ನನ್ನ ಟೊಳ್ಳಿನದ್ದು? ಇಲ್ಲಿ ಕಳೆದು ನೋಡಲು ಬಿಟಿಎಂನಲ್ಲಿ ಇನ್ನೊಂದು ಡಬ್ಬಿ ಇಲ್ಲ.

ಭಾನುವಾರ ಸೊಸೆ ಬಂದಳು. ಬೆಳಗ್ಗೆಯೇ ಅಕ್ಕ ಮೋಟರ್ ಹಾಕಿ ಸಂಪಿನ ನೀರನ್ನೆಲ್ಲ ಮೇಲಿನ ಟ್ಯಾಂಕಿಗೆ ಏರಿಸಿ ಕಾಯುತ್ತಿದ್ದಳು. ನಾನು ಗೆರೆಗಳನ್ನು ತೋರಿಸಿ ವಿವರಿಸಿದೆ. ಸೊಸೆ ಕೈಕಟ್ಟಿ ಕೇಳಿದಳು.

"ಮತ್ತೆ ನಿನ್ನ ಕಾಫಿ, ಮಾಮ?"

"ಅದನ್ನ ಬಿಟ್ಟುಬಿಡು. ನಾನು ಮನೇಲಿರ್ಲಿಲ್ಲ."

ಅವಳು ಹುಬ್ಬೇರಿಸಿದಳು. ವಿಚಿತ್ರವೆಂದರೆ ಅಲ್ಲಿಂದ ಮುಂದೆ ನಾನು ಹೇಳಿದ್ದನ್ನು ಗಮನವಿಟ್ಟು ಕೇಳಿದಳು.

ಹಿತ್ತಲಲ್ಲಿ ಹಳೆಯ ಒರಳಿನ ಗುಂಡುಕಲ್ಲು ಬಿದ್ದಿತ್ತು. ಅದನ್ನು ಉರುಳಿಸಿಕೊಂಡು ಗೇಟಿನಾಚೆ ತಂದೆ. ಸೊಸೆಯನ್ನು ಮೊದಲು ಮನೆಯೊಳಗೆ ನಿಲ್ಲಿಸಿ ಕಲ್ಲನ್ನೆತ್ತಿ ಮಣ್ಣಿನ ಮೇಲೆ ಬಿಟ್ಟೆ. "ಏನೂ ಇಲ್ಲ!" ಎಂದು ಒಳಗಿಂದ ಕೂಗಿದಳು. ಆಮೇಲೆ ಅಕ್ಕ ಅವಳ ಚಪ್ಪಲಿ ಬಿಡಿಸಿ ಪೋರ್ಚಿನಲ್ಲಿ, ಸಂಪಿನ ಮುಚ್ಚಳದ ಪಕ್ಕ, ತಾನು ನಿಂತಿದ್ದ ಜಾಗದಲ್ಲೇ ನಿಲ್ಲಿಸಿದಳು. "ಕಣ್ಣು ಮುಚ್ಕೋ" ಎಂದಳು. ನಾನು ಕಲ್ಲು ಬಿಟ್ಟೆ.

"ಅಯ್ಯೋ!" ಸೊಸೆ ಕಣ್ಣು ಬಿಟ್ಟು ತನ್ನ ಪಾದಗಳನ್ನೇ ನೋಡಿಕೊಂಡಳು. "ಇನ್ನೊಂದ್ಸಲ ಹಾಕು ಮಾಮ."

ಹಾಕಿದೆ. ಎದುರು ಮನೆಯವರು ಕಿಟಕಿಯಿಂದ ಇಣುಕಿ, ಏನ್ ಸಾರ್, ಮನೆ ಕೆಡವ್ತಾ ಇದೀರಾ ಎಂದು ಕೇಳಿದರು.

"ಸರಿ, ನೆಲ ಅಲ್ಲಾಡಿದೆ" ಎಂದಳು ಸೊಸೆ. "ಆದ್ರೆ ಅಮ್ಮ, ನೆಲ ಅಲ್ಲಾಡಿತ್ತು ಅಂದ್ರೆ ನಿನ್ನ ಕಿವಿ ಚೆನ್ನಾಗಿದೆ ಅಂತಲ್ಲ."

ಅದು ನನ್ನ ಡಬ್ಬಿ ಉತ್ತರಿಸಲಾಗದ ಪ್ರಶ್ನೆ, ಹಾಗೆಂದೇ ಹೇಳಿದೆ. ಅಕ್ಕ ಮಾತ್ರ ಮಗಳ ಎದುರಿಗೆ ಬಂದು ನಿಂತಳು. "ಡಾಕ್ಟರು ಏನಂದ್ರು? ಒಂದೇ ಸಲ ಆಗಿರೋದು ಅಂದ್ರು. ಆ ಒಂದು ಸಲ ನಂದಲ್ಲ, ಭೂಮೀದು. ಇನ್ನೇನು ಉಳೀತು?"

ಸೊಸೆ ಅಲ್ಲೇ ನಿಂತು ಡಾಕ್ಟರಿಗೆ ಫೋನ್ ಮಾಡಿದಳು. ಖಾಲಿ ಸಂಪು, ಗುಂಡುಕಲ್ಲು ಎಲ್ಲವನ್ನೂ ಹೇಳಿದಳು. ಅವರು ಬಹಳ ಹೊತ್ತು ನಕ್ಕರೆಂದು ಕಾಣುತ್ತದೆ. ಅವಳ ಮುಖದಲ್ಲೂ ನಗು ಬಂತು. ಫೋನಿಟ್ಟು ಬ್ಯಾಗಿಗೆ ಕೈ ಹಾಕಿದಳು.

"ಮತ್ತೆ ಏನಾದ್ರೂ ಆದ್ರೆ ಹೇಳ್ಬೇಕು. ಸಂಪ್ ಮೇಲೆ ನಿಂತಾಗ ಆದ್ರೂ ಹೇಳ್ಬೇಕು."

"ಹೇಳ್ತೀನಿ ಕೊಡೇ."

ಇಷ್ಟು ದಿನ ನಿಂತಿದ್ದ ಸ್ಕೂಟರ್ ಸುಲಭಕ್ಕೆ ಹೊರಡಲಿಲ್ಲ. ಅಕ್ಕ ಹೆಲ್ಮೆಟ್ ಹಾಕಿಕೊಂಡೇ ಕಿಕ್ ಹೊಡೆದಳು. ನಾನು ಒಳಗೆ ಹೋಗಿ ಪರದೆಯ ಮುಂದೆ ಕೂತೆ. ಡಬ್ಬಿಯನ್ನು ಅಲ್ಲಿಂದ ಎತ್ತಿ ಹಿತ್ತಲಿನ ಬಂಡೆಯ ಮೇಲೆ ಇಡಬೇಕೆಂದು ಆಗಲೇ ತೀರ್ಮಾನಿಸಿದ್ದೆ, ಆದರೆ ಇನ್ನೂ ಎತ್ತಿರಲಿಲ್ಲ. ಕಿಕ್ಕಿಗೊಂದರಂತೆ ಗೆರೆಯಲ್ಲಿ ಏಟುಗಳು. ಕೊನೆಗೆ ಎಂಜಿನ್ನಿನ ಒತ್ತೊತ್ತಾದ ನಡುಕ, ಖಾಲಿ ಸಂಪಿನ ಚೂಪು ಸ್ವರದಲ್ಲಿ. ಅದು ಗೇಟಿನ ಕಡೆ ಸರಿದಂತೆ ಸಣ್ಣದಾಯಿತು. ಗೇಟಿನ ಏಟು ಬಂತು, ನನ್ನದಕ್ಕಿಂತ ಮೆಲ್ಲಗೆ.

ಆಮೇಲೆ ಬೀದಿಯ ಗಿಜಿಗಿಜಿ ಮಾತ್ರ. ಅಕ್ಕ ತಿರುವು ದಾಟಿ ಹೋಗಿದ್ದಳು.